ಮಣ್ಣಿನ ಮಹಿಮೆ

ಕುಶಲಕಲೆಯ ಹಿರಿಮೆಯು ಕೈಯಲ್ಲಿರುವಂತೆಯೇ ಮಣ್ಣಿನಲ್ಲಿಯೂ ಇರುವುದು. ಜಪಾನಿನ ತೊಕೊನಾಮೆಯಲ್ಲಿ 19ನೆಯ ಶತಮಾನದ ನಡುಗಾಲದಿಂದ ಕೆಮ್ಮಣ್ಣಿನ ಚಹದ ಗಿಂಡಿಗಳನ್ನು ಮಾಡುತ್ತ ಬಂದಿರುವರು. ಬಳಸಿದಷ್ಟೂ ಅವು ಹೊಳಪೇರುವುದರಿಂದ, ರಸಿಕರು ಅವನ್ನು ಸಂಗ್ರಹಿಸುವುದು ಕಪಾಟಿಗಾಗಿ ಅಲ್ಲ, ನಿತ್ಯದ ಬಳಕೆಗಾಗಿ.

ನಮ್ಮ ನಾಡಿನಲ್ಲಿ ಇದಕ್ಕೆ ಜೊತೆಯಾದುದು, ಬಹಮನೀ ಅರಸರ ರಾಜಧಾನಿಯಾಗಿದ್ದ ಬೀದರಿನ ಬಿದರಿ ಕೆಲಸ. ಸತುವಿಗೆ ತುಸು ತಾಮ್ರ ಬೆರಸಿ ಎರಕಹೊಯ್ದ ಸುರಾಹಿ, ಹೂದಾನಿಗಳಲ್ಲಿ ಬೆಳ್ಳಿಯ ಎಳೆಗಳನ್ನು ಕೂರಿಸಿ, ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚಿದರೆ, ಲೋಹವು ಕಪ್ಪಾಗಿ ಬೆಳ್ಳಿ ಮಾತ್ರ ಬೆಳಗುವುದು.

1998ರಲ್ಲಿ ಜಪಾನ್ ಸರ್ಕಾರವು ಗಿಂಡಿಯ ಕುಶಲಿ ಮೂರನೆಯ ಯಮದಾ ಜೋಜಾನರನ್ನು ಗೌರವಿಸಿತು; 2023ರಲ್ಲಿ ಬೀದರಿನ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಆದರೆ ಪ್ರಶಸ್ತಿಯೊಂದರಿಂದಲೇ ಕಲೆಯು ಬಾಳದು. ನಮ್ಮ ಮನೆಗಳಲ್ಲಿ ಬಿದರಿಯ ಒಂದು ಹೂದಾನಿಯಾದರೂ ಬಳಕೆಗೆ ಬಂದಲ್ಲಿ, ಕೊಂಡವನ ರುಚಿಯೂ ಮಾಡಿದವನ ಅನ್ನವೂ ಉಳಿಯುವುವು.