ಬಾಲವೀರನೂ ವಿನಯವೂ

ಸಂಸ್ಕೃತದಲ್ಲಿ ವಿನಯವೆಂಬ ಶಬ್ದಕ್ಕೆ ನಮ್ರತೆಯೊಂದೇ ಅರ್ಥವಲ್ಲ. ಶಿಕ್ಷಣವೆಂಬ ಅರ್ಥವೂ ಉಂಟು. ಕೌಟಿಲ್ಯನು ಅರ್ಥಶಾಸ್ತ್ರದ ಮೊದಲನೆಯ ಅಧಿಕರಣಕ್ಕೆ ವಿನಯಾಧಿಕಾರಿಕವೆಂದೇ ಹೆಸರಿಟ್ಟಿರುವನು. ಬಲವುಳ್ಳವನಿಗೆ ವಿನಯವು ಅವಶ್ಯಕವೆಂಬ ಈ ತತ್ತ್ವವನ್ನು ಅಮೆರಿಕಾ ದೇಶದ ಬಾಲವೀರಕಥೆಗಳು ತಮ್ಮದೇ ದಾರಿಯಲ್ಲಿ ಕಂಡುಕೊಂಡ ಬಗೆಯು ವಿಚಾರಾರ್ಹವಾದುದು.

1938ರಲ್ಲಿ ಜೆರಿ ಸೀಗಲ್, ಜೋ ಶುಸ್ಟರ್ ಎಂಬ ತರುಣರಿಬ್ಬರ ಸೂಪರ್‌ಮ್ಯಾನನು ಚಿತ್ರಕಥಾಪತ್ರಿಕೆಯೊಂದರಲ್ಲಿ ಅವತರಿಸಿದನು. ಅವನ ಬಲವು ಹುಟ್ಟಿನಿಂದ ಬಂದುದು. 1940ರಲ್ಲಿ ತೋರಿಬಂದ ಬಿಲ್ಲಿ ಬ್ಯಾಟ್ಸನ್ನನು ಅನಾಥ ಬಾಲಕ. ‘ಶಜಾಮ್’ ಎಂಬೊಂದು ಮಂತ್ರವನ್ನುಚ್ಚರಿಸಿದೊಡನೆ ಅವನು ಮಹಾವೀರನಾಗುವನು. ಇಲ್ಲಿ ಶಕ್ತಿಯು ವರದಿಂದ ಬಂದುದೇ ಹೊರತು ಅಭ್ಯಾಸದಿಂದಲ್ಲ. ಅದೇ ವರ್ಷ ಬ್ಯಾಟ್‌ಮ್ಯಾನನ ಸಂಗಡಿಗನಾಗಿ ಬಂದ ರಾಬಿನ್ನನ ರೀತಿಯೇ ಬೇರೆ. ಸರ್ಕಸ್ಸಿನಲ್ಲಿ ತಾಯ್ತಂದೆಗಳನ್ನು ಕಳೆದುಕೊಂಡ ಆ ಹುಡುಗನಿಗೆ ಅಲೌಕಿಕ ಶಕ್ತಿಯಾವುದೂ ಇಲ್ಲ. ದೀಪದ ಬೆಳಕಿನಲ್ಲಿ ಗುರುವಿನೆದುರು ಪ್ರತಿಜ್ಞೆಗೈದು, ಅವನು ಅಭ್ಯಾಸಬಲದಿಂದಲೇ ವೀರನಾದನು.

ವಿನಯವಿಲ್ಲದ ಬಲದಿಂದಾಗುವ ಅನರ್ಥವನ್ನು 1962ರ ಸ್ಪೈಡರ್‌ಮ್ಯಾನನ ಕಥೆಯು ತೋರಿಸಿತು. ಸ್ಟಾನ್ ಲೀ, ಸ್ಟೀವ್ ಡಿಟ್ಕೊ ಎಂಬವರು ನಿರ್ಮಿಸಿದ ಈ ವಿದ್ಯಾರ್ಥಿಯು, ಬಲವಿದ್ದೂ ಓಡುತ್ತಿದ್ದ ಕಳ್ಳನನ್ನು ತಡೆಯದೆ ಬಿಟ್ಟನು. ಅವನನ್ನು ಸಾಕಿದ ಪಿತೃವ್ಯನು ಆ ಕಳ್ಳನಿಂದಲೇ ಹತನಾದನು. ಮರುವರ್ಷ ಅದೇ ಲೀ, ಜ್ಯಾಕ್ ಕರ್ಬಿಯೊಡನೆ ರಚಿಸಿದ ಎಕ್ಸ್‌ಮೆನ್ ಕಥೆಯಲ್ಲಿ ಇಂಥ ಬಾಲಕರಿಗೆಂದೇ ಒಂದು ಶಾಲೆಯು ಏರ್ಪಟ್ಟಿತು. ಅಸಾಧಾರಣ ಶಕ್ತಿಯುಳ್ಳವರೂ ಅಲ್ಲಿ ದಿನವೂ ಅಭ್ಯಾಸ ಮಾಡತಕ್ಕವರೇ.

ಈ ಮಾರ್ಗವು ಬಾಲಕರ ಕಾದಂಬರಿಯಲ್ಲಿ ಪಕ್ವವಾದುದನ್ನು 2005ರಲ್ಲಿ ಹೊರಬಂದ ಪರ್ಸಿ ಜ್ಯಾಕ್ಸನ್ನನ ಮೊದಲ ಕಥೆಯಲ್ಲಿ ಕಾಣಬಹುದು. ಗ್ರಂಥಕರ್ತರಾದ ರಿಕ್ ರಿಯೊರ್ಡನ್ನರು ಹಿಂದೆ ಶಾಲಾ ಉಪಾಧ್ಯಾಯರು. ಓದುವುದರಲ್ಲಿ ತೊಡಕುಳ್ಳ ತಮ್ಮ ಮಗನಿಗಾಗಿ ಈ ಕಥೆಯನ್ನು ಹೇಳತೊಡಗಿದರು. ಅವರ ನಾಯಕನು 12 ವರ್ಷದವನು. ಅಕ್ಷರಗಳು ಅವನ ಕಣ್ಣೆದುರಿಗೆ ಕುಣಿಯುವುವು, ನಿಂತಲ್ಲಿ ನಿಲ್ಲಲಾರನು, ಹಲವು ಶಾಲೆಗಳು ಅವನನ್ನು ಹೊರಹಾಕಿದ್ದುವು. ದೇವಾಂಶಸಂಭೂತರ ಶಿಬಿರಕ್ಕೆ ಬಂದಮೇಲೆ ಅವನಿಗೆ ನಿಜವು ತಿಳಿಯಿತು: ಅವನ ಬುದ್ಧಿಯು ಪ್ರಾಚೀನ ಗ್ರೀಕ್ ಭಾಷೆಗೆ ಒಗ್ಗಿದುದು, ಚಾಂಚಲ್ಯವು ಯುದ್ಧದಲ್ಲಿ ಪ್ರಾಣವುಳಿಸತಕ್ಕ ಚುರುಕು. ಅಲ್ಲಿಯ ಆಚಾರ್ಯನು ಕೈರಾನ್. ಪುರಾತನ ಯವನಕಥೆಗಳಲ್ಲಿ ಅಕಿಲೀಸನಿಗೂ ಇವನೇ ಗುರು.

ಮಂತ್ರದಿಂದ ಮೊದಲಾದ ಕಥೆಯು ಹೀಗೆ ಗುರುವಿನ ಬಳಿಗೆ ಬಂದು ನಿಂತಿತು. ವಿನಯಶಬ್ದದಲ್ಲಿರುವ ನೀ ಧಾತುವಿಗೆ ಕರೆದೊಯ್ಯುವುದೆಂದು ಅರ್ಥ. ಕರೆದೊಯ್ಯುವವನು ಶಿಷ್ಯನಿರುವ ಎಡೆಯನ್ನು ಮೊದಲು ಅರಿಯಬೇಕು. ಹಾಗರಿಯದ ಶಾಲೆಗಳಿಗೆ ಪರ್ಸಿಯು ಮಂದಮತಿ. ಅರಿತ ಕೈರಾನನಿಗೆ ಅವನು ವೀರ. ಹುಡುಗನು ಮಾತ್ರ ಒಬ್ಬನೇ.