ಕಾಫಿ ಮಗ್ ಮೇಲೊಬ್ಬ ನೀರು ಹೊರುವವ

ಪಿಂಗಾಣಿ ಮಗ್‌ಗಳ ಮೇಲೆ ‘ಭಾರತದ ಸಾಂಪ್ರದಾಯಿಕ ಉಡುಪು’ ಎಂಬ ಹೆಸರಿನಲ್ಲಿ ಅಚ್ಚಾಗಿ ಮಾರಾಟವಾಗುವ ಹಳೆಯ ಚಿತ್ರಗಳನ್ನು ಕಂಡಾಗಲೆಲ್ಲ ನನಗೆ ಒಂದೇ ಪ್ರಶ್ನೆ: ಇವರೆಲ್ಲ ಯಾರು? ಪೇಟ ಸುತ್ತಿದ ಗಂಡಸು, ಸೆರಗು ಹೊದ್ದ ಹೆಂಗಸು, ಬೆನ್ನ ಮೇಲೆ ಹೊರೆ ಹೊತ್ತ ಆಳು. ನೋಡಲು ಸೊಗಸು. ಚಿತ್ರ ಬರೆದವರ ಹೆಸರಾಗಲಿ, ಬರೆಸಿಕೊಂಡವರ ಕಸುಬಾಗಲಿ, ಕಾಲವಾಗಲಿ ಸಾಮಾನ್ಯವಾಗಿ ಅಲ್ಲಿರುವುದಿಲ್ಲ.

ಇಂಥ ಚಿತ್ರಗಳ ಚರಿತ್ರೆಯಲ್ಲಿ ಮುಖ್ಯ ಹೆಸರು ಬಾಲ್ತಜಾರ್ ಸಾಲ್ವಿನ್ಸ್. 1760ರಲ್ಲಿ ಆಂಟ್‌ವರ್ಪ್‌ನಲ್ಲಿ ಹುಟ್ಟಿ, ಹಡಗುಗಳ ಚಿತ್ರ ಬರೆಯುತ್ತಿದ್ದ ಈತ 1791ರಲ್ಲಿ ಕಲ್ಕತ್ತೆಗೆ ಬಂದ. ಗಾಡಿ, ಪಲ್ಲಕ್ಕಿಗಳಿಗೆ ಬಣ್ಣ ಬಳಿದು ಹೊಟ್ಟೆ ಹೊರೆಯುತ್ತಲೇ ಸುತ್ತಲಿನ ಜನರನ್ನು ಬರೆಯತೊಡಗಿದ. ತಾಮ್ರದ ತಗಡಿನ ಮೇಲೆ ಗೆರೆ ಮೂಡಿಸಿ, ಆಮ್ಲದಲ್ಲಿ ಕೊರೆಸಿ, ಅಚ್ಚು ತೆಗೆದು, ಬಣ್ಣ ಹಾಕಿದ 250 ಚಿತ್ರಗಳ ಸಂಗ್ರಹ ಆ ಶತಮಾನ ಮುಗಿಯುವ ಹೊತ್ತಿಗೆ ಕಲ್ಕತ್ತೆಯಲ್ಲೇ ಹೊರಬಂತು. ಜಾತಿ ಮತ್ತು ಕಸುಬು, ಮನೆಯಾಳುಗಳು, ಗಂಡಸರ ಉಡುಪು, ಹೆಂಗಸರ ಉಡುಪು, ದೋಣಿ, ವಾದ್ಯ, ಹಬ್ಬ ಎಂದು ಅದರಲ್ಲಿ ವಿಭಾಗಗಳಿದ್ದವು. ಬಣ್ಣಗಳು ಮಂಕಾಗಿದ್ದವು, ಮುಖಗಳಲ್ಲಿ ದಣಿವಿತ್ತು. ಪುಸ್ತಕ ಮಾರಾಟವಾಗಲಿಲ್ಲ.

ಲಂಡನ್ನಿನ ಪ್ರಕಾಶಕ ಎಡ್ವರ್ಡ್ ಓರ್ಮ್ ಅದರಿಂದ 60 ಚಿತ್ರಗಳನ್ನು ಆರಿಸಿ, ಸಾಲ್ವಿನ್ಸ್‌ನ ಒಪ್ಪಿಗೆಯಿಲ್ಲದೆ 1804–05ರ ಸುಮಾರಿಗೆ ಹೊಸದಾಗಿ ಅಚ್ಚು ಹಾಕಿಸಿದ. ಬಣ್ಣ ತಿಳಿಯಾಯಿತು, ನಿಲುವು ನಾಜೂಕಾಯಿತು. ಇಂಗ್ಲೆಂಡಿನ ದಿವಾನಖಾನೆಗೆ ಬೇಕಾದದ್ದು ಅದೇ. ಇದೇ ಓರ್ಮ್ ಅದೇ ವರ್ಷಗಳಲ್ಲಿ ಜೇಮ್ಸ್ ಹಂಟರ್ ಎಂಬ ಸೈನಿಕ ಬರೆದಿದ್ದ ಮೈಸೂರು ಸೀಮೆಯ ದೃಶ್ಯಗಳನ್ನೂ ಪ್ರಕಟಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಆರೇಳು ವರ್ಷವೂ ಆಗಿರಲಿಲ್ಲ. ಗೆದ್ದ ನಾಡನ್ನು ಚಿತ್ರದಲ್ಲಿ ನೋಡುವ ಆಸೆ ಅಲ್ಲಿನ ಓದುಗರಿಗಿತ್ತು.

ಕಾಗದದ ಚಿತ್ರ ಪಾತ್ರೆಯ ಮೇಲೆ ಏರಿದ್ದೂ ಹೊಸತಲ್ಲ. 1756ರಲ್ಲಿ ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್, ಆರು ಗಂಟೆಯೊಳಗೆ 1,200ಕ್ಕೂ ಹೆಚ್ಚು ಹೆಂಚುಬಿಲ್ಲೆಗಳ ಮೇಲೆ ಚಿತ್ರ ಅಚ್ಚೊತ್ತಿದೆವು ಎಂದು ಪ್ರಮಾಣ ಮಾಡಿ ಹೇಳಿದ್ದರು. ಕೊರೆದ ತಗಡಿಗೆ ಶಾಯಿ ಸವರಿ, ತೆಳು ಕಾಗದದ ಮೇಲೆ ಅಚ್ಚು ತೆಗೆದು, ಆ ಕಾಗದವನ್ನು ಪಾತ್ರೆಗೆ ಒತ್ತಿ ಸುಡುವ ವಿಧಾನ ಮುಂದೆ ಎಲ್ಲೆಡೆ ಹಬ್ಬಿತು. 1807ರಲ್ಲಿ ಬಂದ ಭಾರತದ ಬೇಟೆಯ ಸಚಿತ್ರ ಪುಸ್ತಕವೊಂದರ ದೃಶ್ಯಗಳನ್ನು ಸ್ಪೋಡ್ ಕಂಪನಿ ಕೆಲವೇ ವರ್ಷಗಳಲ್ಲಿ ನೀಲಿ ಬಣ್ಣದಲ್ಲಿ ಊಟದ ತಟ್ಟೆಗಳ ಮೇಲೆ ತಂದಿತು. ಇವತ್ತು ಶಾಯಿ ಬೇರೆ, ಯಂತ್ರ ಬೇರೆ. ಕಾಗದದಿಂದ ಪಾತ್ರೆಗೆ ಶಾಖದಲ್ಲಿ ಚಿತ್ರ ದಾಟಿಸುವ ಉಪಾಯ ಮಾತ್ರ ಹೆಚ್ಚುಕಡಿಮೆ ಅದೇ.

ಪ್ರತಿ ಸಲ ದಾಟುವಾಗಲೂ ಏನೋ ಒಂದು ಉದುರಿಹೋಗುತ್ತದೆ. ಸಾಲ್ವಿನ್ಸ್‌ನ ಪುಟದಲ್ಲೇ ವ್ಯಕ್ತಿಯ ಸ್ವಂತ ಹೆಸರು ಉಳಿಯಲಿಲ್ಲ, ಕಸುಬು ಉಳಿಯಿತು. ಓರ್ಮ್‌ನ ಪುಟದಲ್ಲಿ ದಣಿವು ಹೋಯಿತು. ಮಗ್ ಮೇಲೆ ಬರುವಾಗ ಕಸುಬೂ ಹೋಗಿ ಬರೀ ‘ಉಡುಪು’ ಉಳಿಯಿತು.

ಉದುರಿದ್ದು ಸಣ್ಣದಲ್ಲ. ಸಾಲ್ವಿನ್ಸ್ ಬರೆದ ಮನೆಯಾಳುಗಳಲ್ಲಿ ಭಿಶ್ತಿ ಒಬ್ಬ. ಆಡಿನ ತೊಗಲಿನ ಚೀಲದಲ್ಲಿ ನೀರು ತುಂಬಿ ಬೆನ್ನ ಮೇಲೆ ಹೊತ್ತು ಮನೆಮನೆಗೆ ಹಾಕುವವನು. ಕಂಪನಿ ಕಾಲದ ಸಾಹೇಬರ ಮನೆಗಳಲ್ಲಿ ಆಬ್ದಾರನೂ ಇರುತ್ತಿದ್ದ. ಪೆಟ್ಲುಪ್ಪು ಕಲಸಿದ ನೀರಿನಲ್ಲಿ ಪಾತ್ರೆಗಳನ್ನಿಟ್ಟು ಕುಡಿಯುವ ನೀರನ್ನೂ ಮದ್ಯವನ್ನೂ ತಂಪು ಮಾಡುವುದೇ ಅವನ ಕೆಲಸ. ಒಡೆಯರ ಬಾಯಾರಿಕೆ ನೀಗಿಸಿದವರು ಇವರು. ಭಿಶ್ತಿಗಳು ಹೆಚ್ಚಾಗಿ ಮುಸ್ಲಿಮರು. ಅವರ ತೊಗಲು ಚೀಲದ ನೀರನ್ನು ಮಡಿವಂತ ಹಿಂದೂಗಳು ಕುಡಿಯುತ್ತಿರಲಿಲ್ಲ. ಯಾರ ಕೈಯ ನೀರು ಯಾರಿಗೆ ಸಲ್ಲುತ್ತದೆ ಎಂಬುದಕ್ಕೆ ನಮ್ಮಲ್ಲಿ ಕಟ್ಟಳೆಯಿತ್ತು. ಕರ್ನಾಟಕದ ಹಳ್ಳಿಗಳ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟದ್ದು, ತೆಂಗಿನ ಚಿಪ್ಪಿನಲ್ಲಿ ಚಹಾ ಕೊಟ್ಟದ್ದು ಬಲು ಹಳೆಯ ಮಾತೇನಲ್ಲ. ಲೋಟ ಮುಟ್ಟಲು ಬಿಡದ ಸಮಾಜವೇ ಇವತ್ತು ಅಂಥ ದುಡಿಯುವ ಜನರ ಚಿತ್ರವನ್ನು ಲೋಟದ ಮೇಲೆ ಮೆಚ್ಚಿಕೊಳ್ಳುತ್ತದೆ.

ಉಡುಪಿನ ವಿಷಯವೂ ಅಷ್ಟೆ. ಎಲ್ಲರೂ ತಮಗೆ ಇಷ್ಟವಾದದ್ದನ್ನು ಉಟ್ಟು ನಿಂತಿದ್ದರು ಎಂದು ಈ ಚಿತ್ರಗಳು ನಂಬಿಸುತ್ತವೆ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಬೇಕಾಯಿತು. ರಾಜಾಜ್ಞೆ ಬಂದದ್ದು 1859ರಲ್ಲಿ. ಅದಕ್ಕೆ ಮುಂಚಿನ ಅವರ ಉಡುಪನ್ನು ‘ಸಾಂಪ್ರದಾಯಿಕ’ ಎಂದು ಕರೆದರೆ ಸಂಪ್ರದಾಯ ಯಾರ ಮೇಲೆ ಹೇಗೆ ಬಿತ್ತೆಂಬುದು ಆ ಪದದಡಿಯಲ್ಲೇ ಮುಚ್ಚಿಹೋಗುತ್ತದೆ.

ಹಾಗೆಂದು ಈ ಮಗ್‌ಗಳನ್ನು ಕೊಳ್ಳಬಾರದು ಎಂದು ನಾನು ಹೇಳುವುದಿಲ್ಲ. ಗ್ರಂಥಾಲಯದ ಕಪಾಟಿನಲ್ಲಿ ಮುಚ್ಚಿಟ್ಟ ಚಿತ್ರ ಅಡುಗೆಮನೆಗೆ ಬಂದರೆ ಒಳ್ಳೆಯದೇ. ನನ್ನ ಬೇಡಿಕೆ ಚಿಕ್ಕದು. ಮಗ್‌ನ ತಳದಲ್ಲಿ ತಯಾರಿಸಿದವರ ಹೆಸರಿಗೆ ಜಾಗವಿದೆ, ಮೈಕ್ರೋವೇವ್‌ನಲ್ಲಿ ಇಡಬಹುದೇ ಎಂಬ ಸೂಚನೆಗೂ ಜಾಗವಿದೆ. ಅಲ್ಲೇ ಇನ್ನೊಂದು ಸಾಲು ಸೇರಲಿ: ‘ಭಿಶ್ತಿ, ನೀರು ಹೊರುವವ, ಕಲ್ಕತ್ತೆ, 1790ರ ದಶಕ. ಚಿತ್ರ: ಸಾಲ್ವಿನ್ಸ್.’ ತೊಳೆದು ಬೋರಲು ಹಾಕಿದಾಗಲಾದರೂ ಯಾರಾದರೂ ಓದಿಯಾರು.