ಡೇರೆ ಗೆಡ್ಡೆ ಜೋಪಾನ: ಕುತ್ತಿಗೆ ಮುರಿದರೆ ಮುಂದಿನ ಮಳೆಗಾಲಕ್ಕೆ ಹೂವಿಲ್ಲ

ಸಾಗರ: ಮಳೆ ಮುಗಿದು ಚಳಿ ಶುರುವಾಗುತ್ತಿದ್ದಂತೆ ಮಲೆನಾಡಿನ ಅಂಗಳಗಳಲ್ಲಿ ಡೇರೆ ಗಿಡಗಳು ಒಣಗತೊಡಗುತ್ತವೆ. ಗಿಡ ಸತ್ತೇ ಹೋಯ್ತು ಅಂತ ಕೈಬಿಡುವಂತಿಲ್ಲ. ಮುಂದಿನ ವರ್ಷದ ಹೂವು ಮಣ್ಣಿನೊಳಗಿನ ಗೆಡ್ಡೆಯಲ್ಲಿದೆ. ಬೀಜ ಹಾಕಿದರೆ ತಾಯಿಗಿಡದ ಬಣ್ಣವೇ ಬರುತ್ತೆ ಅನ್ನೋ ಖಾತ್ರಿಯಿಲ್ಲ. ಅದೇ ಬಣ್ಣ ಬೇಕೆಂದರೆ ಗೆಡ್ಡೆಯನ್ನೇ ಉಳಿಸಿಕೊಳ್ಳಬೇಕು.

ಡೇರೆ, ಅಂದರೆ ಡೇಲಿಯಾ, ಮೆಕ್ಸಿಕೊ ಕಡೆಯ ಬೆಟ್ಟಗಳ ಗಿಡ. ಯುರೋಪಿನಲ್ಲಿ ಹಿಮಕ್ಕೆ ಹೆದರಿ ಗೆಡ್ಡೆ ಕಿತ್ತು ಒಳಗಿಡುತ್ತಾರೆ. ನಮ್ಮಲ್ಲಿ ತೊಂದರೆ ಬೇರೆ: ತೇವ ಹೆಚ್ಚಾದರೆ ಗೆಡ್ಡೆ ಕೊಳೆಯುತ್ತೆ, ಬೇಸಿಗೆಯ ಕಾವಿಗೆ ಸುಕ್ಕುಗಟ್ಟುತ್ತೆ.

ಕೀಳುವುದು ಹೇಗೆ?

ಎಲೆ ಹಳದಿಯಾಗಿ ಒಣಗುವವರೆಗೆ ಕಾಯಬೇಕು. ನಂತರ ನೀರು ನಿಲ್ಲಿಸಿ, ಕಾಂಡವನ್ನು ನಾಲ್ಕೈದು ಇಂಚು ಬಿಟ್ಟು ಕತ್ತರಿಸಿ. ಬುಡದಿಂದ ಒಂದಡಿ ದೂರದಲ್ಲಿ ಸುತ್ತಲೂ ಮಣ್ಣು ಸಡಿಲಿಸಿ, ಗೊಂಚಲನ್ನು ಕೆಳಗಿನಿಂದ ಎತ್ತಿ. ಕಾಂಡ ಹಿಡಿದು ಎಳೆಯಬೇಡಿ.

ಕಣ್ಣು ಎಲ್ಲಿರುತ್ತೆ?

ಆಲೂಗಡ್ಡೆಗೆ ಮೈಮೇಲೆಲ್ಲ ಕಣ್ಣು. ಡೇರೆಗೆ ಹಾಗಲ್ಲ. ಗೆಡ್ಡೆಯ ಕುತ್ತಿಗೆ ಕಾಂಡಕ್ಕೆ ಸೇರುವ ಜಾಗದಲ್ಲಿ ಮಾತ್ರ ಚಿಗುರು ಒಡೆಯುತ್ತೆ. ಆ ಭಾಗ ಇಲ್ಲದ ಗೆಡ್ಡೆ ಎಷ್ಟೇ ದಪ್ಪವಿದ್ದರೂ ಗಿಡ ಆಗಲ್ಲ. ಕೊಳ್ಳುವವರು, ಮಾರುವವರು ಇಬ್ಬರೂ ಮೊದಲು ನೋಡಬೇಕಾದ್ದು ಇದನ್ನೇ.

ಇಡುವುದು ಹೇಗೆ?

* ಮಣ್ಣು ಉದುರಿಸಿ, ಕಾಂಡ ಕೆಳಮುಖ ಮಾಡಿ ನೆರಳಲ್ಲಿ ಮೂರ್ನಾಲ್ಕು ದಿನ ಒಣಗಿಸಿ. ಪೊಳ್ಳು ಕಾಂಡದೊಳಗಿನ ನೀರು ಇಳಿದುಹೋಗುತ್ತೆ.
* ಮೆತ್ತಗಾದ ಭಾಗ ಕತ್ತರಿಸಿ, ಗಾಯಕ್ಕೆ ಒಲೆಬೂದಿ ಹಚ್ಚಿ.
* ಬುಟ್ಟಿ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ ಒಣ ಮರಳು ಇಲ್ಲವೇ ತೆಂಗಿನ ನಾರಿನ ಪುಡಿ ಹಾಕಿ ಮುಚ್ಚಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಕಟ್ಟಿದರೆ ಬೆವರಿ ಕೊಳೆಯುತ್ತೆ.
* ತಂಪಾದ, ಗಾಳಿಯಾಡುವ ಜಾಗ ಇರಲಿ. ಒಲೆ ಮೇಲಿನ ಅಟ್ಟ ಬೇಡ. ಇಲಿ ಕಾಟ ಇದ್ದರೆ ಮೇಲೆ ಜಾಲರಿ ಹಾಕಿ.
* ಬಣ್ಣ ಬರೆದ ಚೀಟಿ ಕಟ್ಟಿ. ಕಿತ್ತ ಮೇಲೆ ಗೆಡ್ಡೆ ನೋಡಿ ಬಣ್ಣ ಹೇಳೋಕಾಗಲ್ಲ.
* ತಿಂಗಳಿಗೊಮ್ಮೆ ತೆಗೆದು ನೋಡಿ. ಕೊಳೆತದ್ದನ್ನು ಎಸೆಯಿರಿ. ಸುಕ್ಕು ಕಂಡರೆ ಮರಳಿಗೆ ಸ್ವಲ್ಪ ನೀರು ಚಿಮುಕಿಸಿ.

ಕುಂಡದಲ್ಲಿ ಬೆಳೆದವರು ಗೆಡ್ಡೆ ಕೀಳಲೇಬೇಕೆಂದಿಲ್ಲ. ಮಣ್ಣು ಒಣಗಿಸಿ, ಕುಂಡವನ್ನು ಬಿಸಿಲು ಬೀಳದ, ನೀರು ತಾಗದ ಕಡೆ ಇಟ್ಟರೆ ಸಾಕು.

ಏಪ್ರಿಲ್-ಮೇ ಹೊತ್ತಿಗೆ ಕಣ್ಣು ಉಬ್ಬಿ ಎದ್ದು ಕಾಣುತ್ತೆ. ಆಗ ಒಂದೊಂದು ಹೋಳಿಗೂ ಕಣ್ಣು ಬರುವಂತೆ ಗೊಂಚಲು ಬಿಡಿಸಿ, ಜಡಿಮಳೆಗೆ ಮುಂಚೆ ನೀರು ನಿಲ್ಲದ ಏರಿಯಲ್ಲಿ ನೆಡಬೇಕು.